ಸಿಂಹಾಚಲಂನ ಸಾಲಿನಲ್ಲಿ ಅಪ್ಪಯ್ಯ

ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಹೇಮಾಕ್ಷಿ ಮನೆ ಹುಡುಕಿ ಸೋತಿದ್ದಾಗ ಮಹಡಿಯ ಕೋಣೆ ಕೊಟ್ಟವರು ಗಿರಿಜಮ್ಮ. ಬಳ್ಳಾರಿಯಿಂದ ಮದುವೆಯಾಗಿ ಬಂದು ಇಲ್ಲೇ ನೆಲೆಸಿದವರು. ಕನ್ನಡ ಕಿವಿಗೆ ಬಿದ್ದದ್ದೇ ಖುಷಿಯಾಗಿ ಜಾತಿ ಕೇಳಲಿಲ್ಲ. ಹಿಂದೆ ಬಂದಿದ್ದ ಮೀನುಗಾರರ ಹುಡುಗಿಯನ್ನು ಬಾಗಿಲಿಂದಲೇ ಕಳಿಸಿದೆ ಎಂದು ಮಾತಿನ ನಡುವೆ ಹೇಳಿದರು, ಅಷ್ಟೇ. ಕುಂದಾಪುರದ ಕೋಡಿಯ ಮೀನು ಹಿಡಿಯುವ ಮೊಗವೀರರ ಮಗಳಾದ ಹೇಮಾಕ್ಷಿ ಸುಮ್ಮನೆ ತಲೆಯಾಡಿಸಿದಳು.

ಅಂದಿನಿಂದ ಊರಿನ ಫೋನ್ ಬಂದರೆ ಕಿಟಕಿ ಮುಚ್ಚಿ ಮಾತಾಡುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಫೋನ್ ಇಟ್ಟುಬಿಡುತ್ತಿದ್ದಳು. ಅಪ್ಪ ಸೀನಪ್ಪ ಅವಳನ್ನು ನೋಡಲು ಹೊರಟಾಗ, ಇಲ್ಲಿಗೆ ಬೇಡ, ನೌಕಾಪಡೆಯಲ್ಲಿರುವ ಅಣ್ಣ ವಿನಾಯಕನ ಮನೆಗೆ, ವಿಶಾಖಪಟ್ಟಣಕ್ಕೇ ಹೋಗಿ, ನಾನೂ ಬರುತ್ತೇನೆ ಎಂದಳು.

ವಿಶಾಖಪಟ್ಟಣದ ಪಕ್ಕದ ಸಿಂಹಾಚಲಂ ದೇವಸ್ಥಾನದಲ್ಲಿ ಅಪ್ಪನೊಂದಿಗೆ ದರ್ಶನದ ಸಾಲಿನಲ್ಲಿದ್ದಾಗ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರು. ಹರಕೆ ತೀರಿಸಲು ಬಂದಿದ್ದ ಗಿರಿಜಮ್ಮ. ಎರಡೂ ಕಡೆ ಕಂಬಿ, ಜಾರಿಕೊಳ್ಳಲು ದಾರಿಯಿಲ್ಲ.

“ತಂದೆಯವರಾ? ಊರಾಗ ಏನ್ ಮಾಡ್ತೀರಿ?”

ಬಲೆಯ ಹಗ್ಗ ಎಳೆದು ದಡ್ಡುಗಟ್ಟಿದ ಅಂಗೈ ಜೋಡಿಸಿ ಅಪ್ಪ ನಮಸ್ಕರಿಸಿದ. ಬಾಯಿ ತೆರೆದವನು ಮಗಳ ಮುಖ ನೋಡಿದ. ತಲೆ ತಗ್ಗಿಸಿ, “ಸಣ್ಣ ವ್ಯಾಪಾರ, ಅಮ್ಮ,” ಎಂದ.

ಅಪ್ಪ ಯಾರ ಮುಂದೆಯೂ ಹಾಗೆ ತಲೆ ತಗ್ಗಿಸಿದ್ದನ್ನು ಅವಳು ಕಂಡಿರಲಿಲ್ಲ. ಗಿರಿಜಮ್ಮನಿಗಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು.

“ಇಲ್ಲ ಅಮ್ಮ. ನಾವು ಮೊಗವೀರರು. ಅಪ್ಪಯ್ಯ ಮೀನು ಹಿಡೀತಾರೆ.” ಎಂದಳು ಹೇಮಾಕ್ಷಿ.

ಗಿರಿಜಮ್ಮ ಸೆರಗು ಸರಿಪಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಹೇಮಾಕ್ಷಿ ತಿರುಗಿ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅಪ್ಪ ಮೆಲ್ಲಗೆ ಕೇಳಿದ: “ಎಂತಕ್ ಹೇಳ್ದೆ ಮಗಾ? ಇನ್ನ್ ಎಲ್ಲಿ ಇರ್ತೆ?”

ಹೇಮಾಕ್ಷಿ ಅವನ ಕೈ ಹಿಡಿದು ಮೆಟ್ಟಿಲಿಳಿದಳು.

ವಿಜಯವಾಡಕ್ಕೆ ಮರಳಿದಾಗ ಗಿರಿಜಮ್ಮ ಗೇಟಿನಲ್ಲೇ ತಡೆದು, ಮಗನ ಸಂಸಾರ ಬರುತ್ತಿದೆ, ಕೋಣೆ ಬೇಕು ಎಂದರು. ಅವರಿಗೆ ಮಗನೇ ಇರಲಿಲ್ಲ. ಹೇಮಾಕ್ಷಿ ಪೆಟ್ಟಿಗೆ ಕಟ್ಟಿಕೊಂಡಳು.

ಜೊತೆಯ ನರ್ಸ್ ದುರ್ಗಾಭವಾನಿ ಆಟೋನಗರದಲ್ಲಿ ಗ್ಯಾರೇಜಿನ ಮೇಲಿನ ಮನೆ ತೋರಿಸಿದಳು. ಮಾಲೀಕರು ಕೇಳುವ ಮೊದಲೇ ಹೇಮಾಕ್ಷಿ ತನ್ನವರು ಯಾರೆಂದು ಹೇಳಿದಳು. ಅವರು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಯೋಚಿಸಿದರು. ಕೊನೆಗೆ ಅವರು ಬೀಗದ ಕೈ ಕೊಟ್ಟರು. ಅದನ್ನು ಹಿಡಿದು ಮೆಟ್ಟಿಲೇರುವಾಗಲೂ ಅವರು ವಾಪಸ್ ಕರೆದಾರೇನೋ ಎಂದು ಅವಳು ಕಿವಿಗೊಟ್ಟಿದ್ದಳು.