ಮೂವತ್ತು ತುಂಬಿದ ಮಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿನ ದೊಡ್ಡ ರೋಲರ್ ಇಸ್ತ್ರಿಯ ಮುಂದೆ ಹತ್ತೊಂಬತ್ತು ವರ್ಷ ನಿಂತ ಹೆಂಗಸನ್ನು ಡಾಕ್ಟರುಗಳಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಒದ್ದೆ ಹೊದಿಕೆಗಳು ರೋಲರಿನ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಬಿಸಿಬಿಸಿಯಾಗಿ ಹೊರಬರುತ್ತಿದ್ದವು. ಅವನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ವಾರ್ಡಿನ ಗುರುತು ಮೇಲೆ ಕಾಣುವಂತೆ ಜೋಡಿಸುವುದು ಆಕೆಯ ಕೆಲಸ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ. ‘ನಮ್ಮನೆಯವರ ಬಾಯಿ ಕರೆಂಟು ಹೋದ ಲಿಫ್ಟಿದ್ದ ಹಾಗೆ, ಬಾಗಿಲು ತೆರೆಸೋಕೆ ಇಬ್ಬರು ಬೇಕು’ ಎಂದು ಆಕೆ ಕೆಲಸದ ಕಡೆ ಹೇಳಿ ನಗಿಸುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಕರೆಯುತ್ತಿದ್ದುದು ಗುಬ್ಬಿ ಎಂದು. ಇಪ್ಪತ್ತೆರಡನೆಯ ವಯಸ್ಸಿಗೆ ಅವಳಿಗೆ ಮೆದುಳು ಜ್ವರ ಬಂತು. ಅದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಆರು ದಿನ ಮಲಗಿದ್ದು ಏಳನೆಯ ದಿನ ಹೋಗಿಬಿಟ್ಟಳು.

ಕೆಲಸಕ್ಕೆ ಮರಳಿದ ಮೊದಲ ವಾರದಲ್ಲಿ ತಾಯಿ ಮಗಳ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಂತರ್ಜಾಲದಲ್ಲಿ ಒಂದು ಪುಟ ಮಾಡಿ ಹಾಕಿದಳು. ನೂರ ನಲವತ್ತು ಫೋಟೋ. ಕಾಲೇಜಿನ ಗೆಳತಿಯರು ಒಂದೊಂದರ ಕೆಳಗೂ ಏನಾದರೂ ಬರೆಯುತ್ತಿದ್ದರು. ಗುರುತು ಪರಿಚಯವಿಲ್ಲದವರೂ ಬರೆದರು. ಇಂಥ ನಗು ಮತ್ತೆ ಸಿಗದು ಎಂದು ಯಾವುದೋ ದೂರದ ಊರಿನವರೊಬ್ಬರು ಬರೆದಿದ್ದನ್ನು ಆಕೆ ಎಷ್ಟು ಸಲ ಓದಿದಳೋ.

ಹರಿದ ಹೊದಿಕೆಗಳಿಗೆ ತೇಪೆ ಹಾಕುವ ಹೊಲಿಗೆಯವಳು ಆಕೆಯ ಗೆಳತಿ. ಮೊಬೈಲಿನ ವಿಷಯದಲ್ಲಿ ಅವಳು ಚುರುಕು. ಅವಳು ಆಗಲೇ ಹೇಳಿದ್ದಳು: “ಆ ಪುಟಕ್ಕೆ ಬಾಗಿಲು ಹಾಕಿಡೇ. ಬೇಕಾದವರಿಗೆ ಮಾತ್ರ ಕಾಣೋ ಹಾಗೆ ಮಾಡಬಹುದು, ನಾನು ಮಾಡಿಕೊಡ್ತೀನಿ.”

“ಸತ್ತವಳ ಫೋಟೋ ಕದ್ದು ಯಾರೇನು ಮಾಡ್ತಾರೆ ಬಿಡು,” ಎಂದಿದ್ದಳು ಇಸ್ತ್ರಿಯಮ್ಮ.

ಎಂಟು ವರ್ಷ ಕಳೆಯಿತು. ಒಂದು ದಿನ ಗುಬ್ಬಿಯ ಹಳೆಯ ಸಹಪಾಠಿಯೊಬ್ಬಳು ಒಂದು ಲಿಂಕ್ ಕಳಿಸಿದಳು. ‘ಆಂಟಿ, ಯಾರೋ ನಮ್ಮ ಗುಬ್ಬಿ ಫೋಟೋ ಹಾಕಿಕೊಂಡಿದ್ದಾರೆ. ನೋಡಿ ಬೇಜಾರು ಮಾಡ್ಕೋಬೇಡಿ.’

ತೆರೆದು ನೋಡಿದರೆ ಹೆಸರು ಬೇರೆ, ಊರು ಬೇರೆ. ಕೆಲಸ ನರ್ಸ್ ಎಂದಿತ್ತು. ಮೊದಲ ನಾಲ್ಕೈದು ಫೋಟೋ ಗುಬ್ಬಿಯದೇ. ತಾಯಿಗೆ ಅವುಗಳ ದಿನ, ತಿಂಗಳು ಸಹಿತ ಗೊತ್ತಿತ್ತು. ಆಮೇಲಿನವು ಆಕೆ ಎಂದೂ ನೋಡದಿದ್ದ ಫೋಟೋಗಳು. ಕೂದಲು ಭುಜದ ಮಟ್ಟಕ್ಕೆ ಕತ್ತರಿಸಿದೆ. ಕೆನ್ನೆ ತುಂಬಿಕೊಂಡಿದೆ. ಕಣ್ಣಿಗೆ ತೆಳು ಚೌಕಟ್ಟಿನ ಕನ್ನಡಕ. ನಕ್ಕರೆ ಬಾಯಿಯ ಪಕ್ಕ ಸಣ್ಣದೊಂದು ಗೆರೆ. ಒಂದರಲ್ಲಿ ಕಿಟಕಿಯ ಹತ್ತಿರ ಕಪ್ಪು ಹಿಡಿದು ನಿಂತಿದ್ದಳು. ಕೆಳಗೆ ಬರೆದಿತ್ತು: ‘ಇವತ್ತಿಗೆ ಮೂವತ್ತು ತುಂಬಿತು.’

ಟೀ ವಿರಾಮದಲ್ಲಿ ಹೊಲಿಗೆಯವಳು ಫೋನನ್ನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು. “ಇದು ಕಂಪ್ಯೂಟರ್ ಮಾಡಿದ್ದು ಕಣೇ. ಈಗ ನಾಲ್ಕು ಫೋಟೋ ಕೊಟ್ಟರೆ ಸಾಕು, ವಯಸ್ಸು ಹೆಚ್ಚು ಮಾಡಿ ಬೇಕಾದ ಕಡೆ ನಿಲ್ಲಿಸಿ ಕೊಡುತ್ತೆ. ಮುಂಚೆ ಬೆರಳು ಎಣಿಸಿ ಕಂಡುಹಿಡೀತಿದ್ವಿ. ಆರು ಬೆರಳೋ, ವಕ್ರ ಬೆರಳೋ ಏನಾದ್ರೂ ಇರ್ತಿತ್ತು. ಈಗ ಅದನ್ನೂ ಕಲಿತುಬಿಟ್ಟಿದೆ.”

“ಇದರಿಂದ ಅವರಿಗೇನು ಬರುತ್ತೆ?”

“ಒಂಟಿ ಗಂಡಸರನ್ನ ಮಾತಿಗೆ ಎಳೆದು ಬಲೆಗೆ ಹಾಕ್ಕೋತಾರೆ. ನನ್ನ ತಂಗಿ ಗಂಡನ ಕಥೆ ಗೊತ್ತಲ್ಲ ನಿನಗೆ. ಇಲ್ಲಿ ಮೂರು ಚುಕ್ಕಿ ಇದೆ ನೋಡು, ಅದನ್ನ ಒತ್ತು. ದೂರು ಕೊಡಿ ಅಂತ ಬರುತ್ತೆ. ಬೇರೆಯವರ ಹಾಗೆ ನಟಿಸ್ತಿದ್ದಾರೆ ಅನ್ನೋದನ್ನ ಒತ್ತು. ಅಷ್ಟೇ.”

ಅಂದು ಸಂಜೆ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕುಳಿತು ಆಕೆ ಮೂರು ಚುಕ್ಕಿ ಒತ್ತಿದಳು. ಎರಡನೆಯದನ್ನೂ ಒತ್ತಿದಳು. ಕೊನೆಯದರ ಮೇಲೆ ಬೆರಳು ನಿಂತುಬಿಟ್ಟಿತು. ಆಕೆಗೂ ಕನ್ನಡಕ ಬಂದದ್ದು ಮೂವತ್ತಕ್ಕೇ. ಗುಬ್ಬಿ ಇದ್ದಿದ್ದರೆ ಅವಳಿಗೂ ಬರುತ್ತಿತ್ತೇನೋ. ಇದನ್ನು ಒತ್ತಿದರೆ ಕನ್ನಡಕ ಹಾಕಿದ ಮಗಳು ಇನ್ನೆಲ್ಲೂ ಇರುವುದಿಲ್ಲ. ಎಡಗಿವಿಯ ಕೆಳಗಿನ ಮಚ್ಚೆ ಹೊಸ ಫೋಟೋಗಳಲ್ಲಿ ಇರಲಿಲ್ಲ. ಅದೂ ಆಕೆಗೆ ಕಂಡಿತ್ತು. ಕಂಡೂ ಫೋನನ್ನು ಚೀಲದೊಳಗೆ ಹಾಕಿಕೊಂಡು ಎದ್ದಳು.

ಮರುದಿನ ಗೆಳತಿ ಕೇಳಿದಾಗ “ಒತ್ತಿದೆ” ಎಂದಳು. ಗಂಡನಿಗೆ ಏನೂ ಹೇಳಲಿಲ್ಲ.

ಹೀಗೆ ಏಳು ತಿಂಗಳು. ವಾರಕ್ಕೊಂದು ಹೊಸ ಫೋಟೋ ಬರುತ್ತಿತ್ತು, ಬಹುಪಾಲು ಗುರುವಾರ. ಗುರುವಾರ ಬೆಳಗ್ಗೆ ಆಕೆ ಬಸ್ಸಿನಲ್ಲಿ ಕುಳಿತೇ ನೋಡುತ್ತಿದ್ದಳು. ಸಮುದ್ರದ ದಂಡೆಯಲ್ಲಿ ಗುಬ್ಬಿ. ಹಸಿರು ಕೋಟು ಹಾಕಿದ ಗುಬ್ಬಿ. ಸ್ವಲ್ಪ ದಪ್ಪಗಾಗಿದ್ದಾಳೆ ಅನ್ನಿಸಿದ ದಿನ ಆಕೆಗೆ ಒಳಗೊಳಗೇ ಹಿಗ್ಗಾಯಿತು, ಮರುಕ್ಷಣ ಆ ಹಿಗ್ಗಿಗೆ ನಾಚಿಕೆಯೂ ಆಯಿತು. ಸುಳ್ಳು ಎಂದು ಗೊತ್ತಿತ್ತು. ಗೊತ್ತಿದ್ದೂ ಗುರುವಾರ ಬಂದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಗಂಡ ಒಳಕೋಣೆಯಲ್ಲಿ ಟೇಬಲ್ ಫ್ಯಾನ್ ಬಿಚ್ಚಿ ಹಾಸಿಕೊಂಡು ಕುಳಿತಿದ್ದ. ಆಕೆಯೇ ಬಾಗಿಲು ತೆರೆದಳು. ನಲವತ್ತು ದಾಟಿದ ಗಂಡಸು. ತಲೆ ಬಾಚಿ, ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿದ್ದ. ಕೈಯಲ್ಲಿ ಫೋನಿತ್ತು.

“ಅಮ್ಮಾ, ನಾನು ಬಸ್ ಡ್ರೈವರ್. ನಾಲ್ಕು ಗಂಟೆ ದಾರಿಯಿಂದ ಬಂದಿದ್ದೀನಿ. ತಪ್ಪು ತಿಳೀಬೇಡಿ, ಒಂದು ಮಾತು ಕೇಳಬೇಕಿತ್ತು.” ಫೋನನ್ನು ಆಕೆಯ ಕಡೆ ತಿರುಗಿಸಿದ. “ಇವರು ನಿಮ್ಮ ಮಗಳಾ?”

ಹಸಿರು ಕೋಟಿನ ಫೋಟೋ. ಆಕೆ ಒಳಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು.

“ಒಳಗೆ ಬನ್ನಿ.”

ಕುರ್ಚಿಯ ಅಂಚಿನಲ್ಲಿ ಕುಳಿತು ಅವನು ಹೇಳಿದ. ಹೆಂಡತಿ ತೀರಿಕೊಂಡು ಐದು ವರ್ಷ. ಮಕ್ಕಳಿಲ್ಲ. ನಾಲ್ಕು ತಿಂಗಳ ಹಿಂದೆ ಈ ನರ್ಸಿನ ಪರಿಚಯವಾಯಿತು. ಕೊನೆಯ ಟ್ರಿಪ್ ಮುಗಿಸಿ ಬಸ್ಸು ನಿಲ್ಲಿಸಿದ ಕೂಡಲೇ ಸಂದೇಶ ಬರುತ್ತಿತ್ತು: ಊಟ ಆಯ್ತಾ, ಇವತ್ತು ಬಸ್ಸಲ್ಲಿ ಯಾರು ಜಗಳ ಮಾಡಿದ್ರು.

“ಐದು ವರ್ಷದಿಂದ ಊಟ ಆಯ್ತಾ ಅಂತ ಯಾರೂ ಕೇಳಿರಲಿಲ್ಲಮ್ಮ. ನಮ್ಮಕ್ಕ ಇದು ಮೋಸ ಕಣೋ ಅಂತ ಬಡ್ಕೊಂಡಳು. ನಿನಗೆ ಹೊಟ್ಟೆಕಿಚ್ಚು ಅಂದುಬಿಟ್ಟೆ. ಅವಳ ಮನೆಗೆ ಹೋಗೋದೇ ಬಿಟ್ಟೆ.”

“ದುಡ್ಡೇನಾದ್ರೂ ಕಳಿಸಿದ್ರಾ?”

“ಕಳಿಸಿದೆ. ಅದರ ಮಾತು ಬಿಡಿ.”

ಹೋದ ವಾರ ಡಿಪೋದಲ್ಲಿ ಚಾಲಕರಿಗೆ ಮೊಬೈಲ್ ಮೋಸಗಳ ಬಗ್ಗೆ ಎರಡು ಗಂಟೆಯ ತರಗತಿ ಮಾಡಿದ್ದರಂತೆ. ಫೋಟೋ ಹಾಕಿ ಹುಡುಕಿದರೆ ಅದು ಬೇರೆ ಎಲ್ಲೆಲ್ಲಿದೆ ಎಂದು ಗೊತ್ತಾಗುತ್ತದೆ ಎಂದು ಅಲ್ಲಿ ಹೇಳಿಕೊಟ್ಟರು. ಇವನಿಗೆ ಅನುಮಾನವೇ ಇರಲಿಲ್ಲ. ಪಕ್ಕದಲ್ಲಿ ಕುಳಿತು ಕಿಚಾಯಿಸುತ್ತಿದ್ದ ಕಂಡಕ್ಟರನ ಬಾಯಿ ಮುಚ್ಚಿಸಲು ಅವಳ ಮೊದಲಿನ ಫೋಟೋವೊಂದನ್ನು ಹಾಕಿ ಹುಡುಕಿದ. ನೂರ ನಲವತ್ತು ಫೋಟೋಗಳ ಪುಟ ತೆರೆದುಕೊಂಡಿತು, ಅವಳು ತೀರಿಕೊಂಡ ಬಗ್ಗೆ ಗೆಳತಿಯರು ಬರೆದ ಮಾತುಗಳ ಸಮೇತ.

“ಮನೆ ಹುಡುಕೋದು ಕಷ್ಟ ಆಗಲಿಲ್ಲ. ಒಂದು ಫೋಟೋದಲ್ಲಿ ನಿಮ್ಮ ಗೇಟಿನ ನಂಬರ್ ಇತ್ತು. ಇನ್ನೊಂದರಲ್ಲಿ ಎದುರಿನ ಔಷಧಿ ಅಂಗಡಿ ಬೋರ್ಡ್ ಇತ್ತು, ಊರಿನ ಹೆಸರಿನ ಸಮೇತ.” ಅವನು ತಲೆ ತಗ್ಗಿಸಿದ. “ಎರಡು ಪುಟದಲ್ಲಿ ಒಂದು ಸುಳ್ಳಿರಬೇಕು ಅಂತ ಗೊತ್ತಾಯ್ತು. ಸತ್ತುಹೋದರು ಅನ್ನೋದೇ ಸುಳ್ಳಾಗಿರಲಿ ಅಂದ್ಕೊಂಡು ಬಂದೆ.”

ಆಕೆ ಗೋಡೆಯ ಕಡೆ ನೋಡಿದಳು. ಅಲ್ಲಿ ಗುಬ್ಬಿಯ ದೊಡ್ಡ ಫೋಟೋ ಇತ್ತು, ಕೆಳಗೆ ಎರಡು ತಾರೀಖು. ಅವನೂ ಅತ್ತ ನೋಡಿದ. ಎದ್ದು ಹತ್ತಿರ ಹೋಗಿ ತಾರೀಖುಗಳನ್ನು ಓದಿದ. ತಿರುಗಿ ಬಂದು ಕುಳಿತ.

“ಧ್ವನಿಯೂ ಇದೆಯಮ್ಮ,” ಎಂದ ಕೊನೆಗೆ. “ಕೇಳಿಸಲಾ?”

ಅವನು ಒತ್ತಿದ. ಮೃದುವಾದ ಹೆಣ್ಣುದನಿಯೊಂದು, ನಿಧಾನವಾಗಿ ಗಾಡಿ ಓಡಿಸಿ, ಮನೆಗೆ ಹೋದ ಮೇಲೆ ಹೇಳಿ ಎಂದಿತು. ಇಸ್ತ್ರಿಯಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಇನ್ನೊಂದು ಸಲ ಹಾಕಿ ಎಂದಳು. ಹೌದೋ ಅಲ್ಲವೋ ಆಕೆಗೆ ಹೊಳೆಯಲಿಲ್ಲ. ಎಂಟು ವರ್ಷದಲ್ಲಿ ಮಗಳ ದನಿ ತನ್ನ ಕಿವಿಯಿಂದ ಜಾರಿಹೋಗಿದೆ ಎಂಬುದು ಆಕೆಗೆ ಆಗ ಗೊತ್ತಾಯಿತು.

“ಅದು ಅವಳದಲ್ಲ.”

ಗಂಡ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಬೆರಳಿಗೆಲ್ಲ ಎಣ್ಣೆ. “ಗುಬ್ಬಿದು ಸ್ವಲ್ಪ ಒಡಕು ದನಿ. ಬೆಳಗ್ಗೆ ಹೊತ್ತು ಇನ್ನೂ ಒಡೀತಿತ್ತು. ಯಾರು ಇವರು? ಏನಿದು?”

ಆಕೆ ಹೇಳಿದಳು. ಬಸ್ಸಿನವನ ಕಥೆ ಮುಗಿದ ಮೇಲೆ ತನ್ನದನ್ನೂ ಹೇಳಿದಳು: ಏಳು ತಿಂಗಳ ಹಿಂದೆಯೇ ಕಂಡದ್ದು, ಬೆಂಚಿನ ಮೇಲೆ ಬೆರಳು ನಿಂತದ್ದು, ಗುರುವಾರಗಳು, ಗೆಳತಿಗೆ ಹೇಳಿದ ಸುಳ್ಳು. ಆಮೇಲೆ ಡ್ರೈವರನ ಕಡೆ ತಿರುಗಿದಳು.

“ನಿಮಗೆ ಅವಳು ಸಿಕ್ಕಿ ನಾಲ್ಕು ತಿಂಗಳು ಅಂದ್ರಿ. ನಾನು ಅವತ್ತೇ ಒತ್ತಿದ್ದರೆ ನಿಮಗೆ ಸಿಗ್ತಾನೇ ಇರಲಿಲ್ಲವೇನೋ. ತಪ್ಪು ನಂದು.”

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಬೈಯಲೂ ಇಲ್ಲ. “ಒಂದು ಲೋಟ ನೀರು ಕೊಡ್ತೀರಾ?” ಎಂದ.

ಆಕೆ ನೀರು ತರುವಷ್ಟರಲ್ಲಿ ಗಂಡ ಕೈ ಒರೆಸಿಕೊಂಡು ಡ್ರೈವರನ ಪಕ್ಕ ಕುಳಿತಿದ್ದ. “ತೋರಿಸಿ,” ಎಂದ. ಅವನು ಒಂದೊಂದಾಗಿ ಸರಿಸಿದ, ಇವನು ನೋಡಿದ. ಕಿಟಕಿಯ ಹತ್ತಿರದ್ದು. ಸಮುದ್ರದ ದಂಡೆಯದು. ಗಂಡನ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂದರೂ ಅವನು ಒರೆಸಿಕೊಳ್ಳಲಿಲ್ಲ. ಕೊನೆಯದು ಮುಗಿದ ಮೇಲೆ ಹೆಂಡತಿಗೆ ಹೇಳಿದ ಮಾತು ಒಂದೇ.

“ಒಬ್ಬಳೇ ನೋಡಿದೆಯಲ್ಲೇ.”

ಅದರಲ್ಲಿ ಸಿಟ್ಟು ಎಷ್ಟಿತ್ತು, ನೋವು ಎಷ್ಟಿತ್ತು ಎಂದು ಆಕೆಗೆ ತಿಳಿಯಲಿಲ್ಲ.

ದೂರು ಕೊಟ್ಟದ್ದು ಅಂದೇ. ಡ್ರೈವರ್ ಮೊದಲು ತನ್ನ ಮತ್ತು ಅವಳ ಸಂದೇಶಗಳನ್ನೆಲ್ಲ ಚಿತ್ರ ತೆಗೆದಿಟ್ಟುಕೊಂಡ. ಪೊಲೀಸರಿಗೆ ಸಾಕ್ಷಿ ಬೇಕು, ಪುಟ ಹೋದರೆ ಅವೂ ಹೋಗುತ್ತವೆ ಎಂದು ತರಗತಿಯಲ್ಲಿ ಹೇಳಿದ್ದರಂತೆ. ಆಮೇಲೆ ಆಕೆ ಮೂರು ಚುಕ್ಕಿ ಒತ್ತಿದಳು. ಯಾರ ಹಾಗೆ ನಟಿಸುತ್ತಿದ್ದಾರೆ ಎಂದು ಕೇಳಿತು. ಆ ವ್ಯಕ್ತಿ ಬದುಕಿದ್ದಾರೆಯೇ ಎಂದು ಕೇಳಿತು. ಇಲ್ಲ ಎಂದರೆ ಮರಣ ಪ್ರಮಾಣಪತ್ರದ ಫೋಟೋ ಬೇಕೆಂದಿತು. ಗಂಡ ಬೀರುವಿನಿಂದ ಕಾಗದ ತಂದು ಮೇಜಿನ ಮೇಲೆ ಹಾಸಿ ಎರಡು ಮೂಲೆ ಒತ್ತಿ ಹಿಡಿದ. ಇನ್ನೆರಡು ಮೂಲೆಗಳನ್ನು ಡ್ರೈವರ್ ಹಿಡಿದ. ಮೊದಲಿನ ಎರಡು ಫೋಟೋ ಮಸುಕಾದವು. ಮೂರನೆಯದು ಸರಿ ಬಂತು.

ಹೊರಡುವಾಗ ಡ್ರೈವರ್ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ, “ನಿಜವಾಗಿ ಹೇಗಿದ್ದರಮ್ಮ ಅವರು?”

“ಹಟಮಾರಿ. ತಿಂದ ತಟ್ಟೆ ತೆಗೀತಿರಲಿಲ್ಲ. ಬಸ್ಸಲ್ಲಿ ಕೂತರೆ ಎರಡು ಸ್ಟಾಪಿಗೆಲ್ಲ ವಾಂತಿ.” ಆಕೆಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. “ನಿಮ್ಮನ್ನಂತೂ ಒಪ್ತಿರಲಿಲ್ಲ ಬಿಡಿ.”

“ಅಕ್ಕನ ಮನೆಗೆ ಹೋಗಿ,” ಎಂದ ಗಂಡ ಗೇಟಿನ ಹತ್ತಿರ. “ಇವತ್ತೇ ಹೋಗಿ.”

ಹನ್ನೊಂದು ದಿನಕ್ಕೆ ಉತ್ತರ ಬಂತು. ಆ ಪುಟ ಇಲ್ಲವಾಗಿತ್ತು. ಗುಬ್ಬಿಯ ಪುಟಕ್ಕೆ ಹೊಲಿಗೆಯವಳು ಬೀಗ ಹಾಕಿಕೊಟ್ಟಳು. ಸುಳ್ಳು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದು, ಮೂರನೆಯ ದಿನ ತಾನೇ ಟೀ ತಂದುಕೊಟ್ಟಳು. “ಬೀಗ ಹಾಕಿದ್ದೀನಿ. ಆದರೆ ಆಗಲೇ ಹೊರಗೆ ಹೋದದ್ದನ್ನ ವಾಪಸ್ ತರೋಕೆ ನನ್ನಿಂದ ಆಗಲ್ಲ,” ಎಂದಳು.

ಅವಳು ಹೇಳಿದ್ದು ನಿಜವಾಯಿತು. ಎರಡು ತಿಂಗಳಾದ ಮೇಲೆ ಡ್ರೈವರನಿಂದ ಫೋನು ಬಂತು. ಅಕ್ಕನ ಮನೆಗೆ ಹೋಗಿಬರುತ್ತಿದ್ದಾನಂತೆ. ಅಕ್ಕ ಊಟ ಬಡಿಸುತ್ತಾಳೆ, ಮಾತು ಮಾತ್ರ ಇನ್ನೂ ಅಷ್ಟಕ್ಕಷ್ಟೇ. ಪೊಲೀಸರಿಗೆ ದೂರು ಕೊಟ್ಟಿದ್ದಾನೆ, ಏನೂ ತಿಳಿದುಬಂದಿಲ್ಲ. “ಅಮ್ಮಾ, ಅದೇ ಮುಖ ಇನ್ನೊಂದು ಕಡೆ ಕಾಣಿಸ್ತು. ಈ ಸಲ ಟೀಚರ್ ಅಂತ ಹಾಕಿದ್ದಾರೆ. ಲಿಂಕ್ ಕಳಿಸ್ತೀನಿ.”

ಅದನ್ನೂ ತೆಗೆಸಿದರು. ಕಾಗದ ಸಿದ್ಧವಿದ್ದದ್ದರಿಂದ ನಾಲ್ಕೇ ದಿನ ಹಿಡಿಯಿತು. ಚಳಿಗಾಲದಲ್ಲಿ ಮೂರನೆಯದೊಂದು ಬಂತು, ಆಮೇಲೆ ಇನ್ನೊಂದು. ಈಗ ಲಿಂಕ್ ಬಂದರೆ ಗಂಡ ಹೆಂಡತಿ ಅಡುಗೆಮನೆಯ ಮೇಜಿಗೆ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಅವಳೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ಸಲ ನೋಡಲೇಬೇಕು. ಗಂಡನ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ತೆರೆಯಲ್ಲಿ ಸರಿಯಾಗಿ ಕಾಣುವುದಿಲ್ಲ.

“ಹೇಗಿದ್ದಾಳೆ ಈ ಸಲ?” ಎಂದು ಕೇಳುತ್ತಾನೆ.

“ಚೆನ್ನಾಗಿದ್ದಾಳೆ,” ಎನ್ನುತ್ತಾಳೆ ಆಕೆ. “ಎರಡು ಬಿಳಿಕೂದಲು ಬಂದಿದೆ.”

ಗಂಡ ತೆರೆಯ ಹತ್ತಿರ ಬಾಗಿ ಇನ್ನೊಮ್ಮೆ ನೋಡುತ್ತಾನೆ. ಆಮೇಲೆ ಆಕೆ ಒತ್ತುತ್ತಾಳೆ.