ಗಾಳಿದುಡ್ಡಿನ ಗಾಜಿನ ಕೋಣೆ

ನಮ್ಮ ಸ್ಕೆಲ್ಸೇ ದ್ವೀಪದಲ್ಲಿ ಗಾಳಿಗೆ ಬರವಿಲ್ಲ. ಒಣಹಾಕಿದ ಬಟ್ಟೆಯನ್ನು ಪಕ್ಕದವರ ಹೊಲದಿಂದ ಆರಿಸಿಕೊಂಡು ಬರಬೇಕು. ಈ ಗಾಳಿಯನ್ನು ಬೈಯುತ್ತಲೇ ಮುದುಕರಾಗುತ್ತಿದ್ದ ನಮಗೆ ಒಂದು ದಿನ ಬುದ್ಧಿ ಬಂತು. ಊರವರೆಲ್ಲ ಸೇರಿ ಗುಡ್ಡದ ಮೇಲೊಂದು ಗಾಳಿಯಂತ್ರ ನಿಲ್ಲಿಸಿದೆವು. ಅದು ಯಾವ ಕಂಪನಿಯದೂ ಅಲ್ಲ, ನಮ್ಮದು. ಕರೆಂಟು ಮಾರಿ ಬಂದದ್ದರಲ್ಲಿ ಊರಿನ ಸಭಾಭವನಕ್ಕೆ ಹೊಸ ಚಾವಣಿ ಬಂತು, ರಸ್ತೆಗೆ ದೀಪ ಬಂತು, ಕಾರಿಲ್ಲದವರಿಗೆ ಪುಟ್ಟ ಬಸ್ಸು ಬಂತು. ಗಾಳಿಯನ್ನು ಬೈಯುವುದನ್ನು ಮಾತ್ರ ನಾವು ಬಿಟ್ಟಿಲ್ಲ.

ಬಾರದೆ ಉಳಿದದ್ದು ಒಂದೇ: ಬಂದರಿನಲ್ಲೊಂದು ಕಕ್ಕಸು.

ಪಟ್ಟಣಕ್ಕೆ ಹೋಗುವ ಹಡಗು ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ಕಂಡಿಲ್ಲ. ಚಳಿಯಲ್ಲಿ ನಿಂತು ಕಾಯಬೇಕು. ಎಂಬತ್ತು ದಾಟಿದ ಮ್ಯಾನ್ಸಿಗೆ ಅಷ್ಟು ಹೊತ್ತು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಏಡಿ ಹಿಡಿಯುವ ಬುಟ್ಟಿಗಳನ್ನು ದಕ್ಕೆಯ ಮೂಲೆಯಲ್ಲಿ ರಾಶಿ ಹಾಕಿರುತ್ತಾರೆ, ಅದರ ಹಿಂದೆ ಹೋಗಿ ಬರುತ್ತಿದ್ದ. ಆಗ ನಾವೆಲ್ಲ ಸಮುದ್ರದ ಕಡೆ ತಿರುಗಿಕೊಂಡು ಮೋಡದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದೆವು.

ಅವನ ಹೆಂಡತಿ ಥೋರಾ ಸೊಂಟ ಮುರಿದುಕೊಂಡು ಪಟ್ಟಣದ ಆರೈಕೆ ಮನೆಯಲ್ಲಿದ್ದಳು. ಪ್ರತಿ ಬುಧವಾರ ಅವಳನ್ನು ನೋಡಲು ಹೋಗುತ್ತಿದ್ದ. ಒಂದು ಬುಧವಾರ ಬುಟ್ಟಿಗಳ ಹಿಂದೆ ಇದ್ದಾಗಲೇ ಗಾಳಿ ದಿಕ್ಕು ಬದಲಾಯಿಸಿತು. ಒದ್ದೆ ಪ್ಯಾಂಟಿನಲ್ಲಿ ಹಡಗು ಹತ್ತದೆ ಮನೆಗೆ ಹೋದವನು ಆಮೇಲೆ ಬಂದರಿನ ಕಡೆ ತಲೆಯೇ ಹಾಕಲಿಲ್ಲ. ಥೋರಾಗೆಂದು ತಾನೇ ಸುಟ್ಟ ಬಾರ್ಲಿ ರೊಟ್ಟಿ ತಂದು ನನ್ನ ಅಂಗಡಿಯಲ್ಲಿ ಇಡುತ್ತಿದ್ದ.

"ಯಾರಾದ್ರೂ ಹೋಗೋರಿದ್ರೆ ಕೊಟ್ಟು ಕಳ್ಸು ಮೆರನ್."

"ನೀನೇ ಹೋಗ್ಬಾರ್ದೇನಪ್ಪ?"

"ಕುರಿಗಳನ್ನ ಯಾರು ನೋಡ್ಕೋತಾರೆ?"

ಅವನು ಕುರಿ ಮಾರಿ ಎರಡು ವರ್ಷವಾಗಿತ್ತು. ನಾನು ರೊಟ್ಟಿ ಗಂಟನ್ನು ತೆಗೆದಿಟ್ಟೆ.

ಗಾಳಿದುಡ್ಡಿನಲ್ಲಿ ಮುಂದೇನು ಮಾಡಬೇಕೆಂದು ಸಭೆ ಸೇರಿತು. ಅಧ್ಯಕ್ಷ ರಾಬಿ ನನ್ನ ಚಿಕ್ಕಪ್ಪನ ಮಗ. ನಾನು ಎದ್ದು ನಿಂತೆ. ಮ್ಯಾನ್ಸಿ ಎದುರು ಸಾಲಿನಲ್ಲೇ ಕೂತಿದ್ದ. ಕಕ್ಕಸು ಎಂಬ ಪದ ನನ್ನ ಬಾಯಿಂದ ಬಿದ್ದರೆ ಊರೆಲ್ಲ ಅವನ ಮುಖ ನೋಡುತ್ತದೆ.

"ಬಂದರಲ್ಲಿ ಕಾಯೋರಿಗೆ ಸ್ವಲ್ಪ ಅನುಕೂಲ ಬೇಕು" ಅಂದೆ.

ಎಲ್ಲರಿಗೂ ಅರ್ಥವಾಯಿತು. ಪಾದ್ರಿಯ ಹೆಂಡತಿ ತನ್ನ ಬೂಟು ನೋಡಿಕೊಂಡಳು.

"ಎಂಥಾ ಅನುಕೂಲ ಅಂತ ಬರ್ಕೊಳ್ಳಲೇ?" ರಾಬಿ ಕೆಂಪಗಾದ.

"ಅನುಕೂಲ ಅಂದ್ರೆ ಅನುಕೂಲ ಕಣೋ! ಬರ್ಕೋ ಸುಮ್ನೆ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವನು ಹಾಗೇ ಬರೆದ. ಪಟ್ಟಣದ ಎಂಜಿನಿಯರ್ ಹಾಗೇ ಕಟ್ಟಿಸಿದ. ನಕ್ಷೆ ಬಂದಾಗ ಇಡೀ ಸಮಿತಿ ಅದನ್ನು ನೋಡಿತು, ಏನು ಬಿಟ್ಟುಹೋಗಿದೆಯೆಂದು ಕಂಡಿತು, "ಚೆನ್ನಾಗಿದೆ" ಎಂದು ಸಹಿ ಹಾಕಿತು. ಕಾಯುವವರಿಗೊಂದು ಕೋಣೆ: ಮೂರು ಕಡೆ ಗಾಜಿನ ಗೋಡೆ, ಮೆತ್ತನೆಯ ಆಸನ, ಬೆಚ್ಚಗಿಡುವ ಹೀಟರು, ಪುಸ್ತಕದ ಕಪಾಟು, ಚದುರಂಗದ ಮೇಜು! ಜಾಗ ಬೇಕೆಂದು ಏಡಿಬುಟ್ಟಿಗಳನ್ನು ಎತ್ತಿಸಿದ್ದರಿಂದ ಇದ್ದ ಮರೆಯೂ ಹೋಯಿತು.

ಉದ್ಘಾಟನೆಗೆ ಪಟ್ಟಣದ ಕೌನ್ಸಿಲರ್ ಮಿಸೆಸ್ ಹಾರ್ಕಸ್ ಬಂದಳು. ಕೆಲಸವಿದ್ದರೆ ಒಂದೇ ಮಾತು, ಸುತ್ತಿ ಬಳಸುವುದಿಲ್ಲ ಎಂದು ಅವಳಿಗೆ ಹೆಸರಿತ್ತು. ಟೀ ಹಂಚುವ ಪಾಳಿ ನನ್ನದು. ಗುಡ್ಡದ ಮೇಲೆ ಯಂತ್ರ ಗಿರಗಿರನೆ ತಿರುಗುತ್ತಿತ್ತು, ಗಾಳಿಗೆ ಹಡಗು ತಡವಾಗುತ್ತದೆಂದು ಸುದ್ದಿ ಬಂತು. ನನ್ನ ತಲೆಯಲ್ಲೂ ಏನೋ ತಿರುಗಿತು. ಅವಳ ಕಪ್ಪು ತುಂಬಿದೆ.

"ಚಳಿ ನೋಡಿ, ಇನ್ನೊಂದ್ಸ್ವಲ್ಪ ಕುಡೀರಿ."

"ಸಾಕಮ್ಮ, ಆಗ್ಲೇ ಜಾಸ್ತಿ ಆಯ್ತು."

"ನಮ್ಮೂರಲ್ಲಿ ಅತಿಥಿ ಕಪ್ಪು ಖಾಲಿ ಇದ್ರೆ ಮನೆಗೆ ಅಪಶಕುನ."

ಈ ಸಂಪ್ರದಾಯ ಹುಟ್ಟಿದ್ದು ಆ ಕ್ಷಣದಲ್ಲೇ. ಪಾಪ, ಅವಳು ಕುಡಿದಳು. ರಾಬಿಯ ಭಾಷಣವೋ ಹನುಮಂತನ ಬಾಲ. ನಾನು ಮತ್ತೆ ಕೆಟಲು ಹಿಡಿದು ಹೊರಟಾಗ ಅವನು ಭಾಷಣದ ಮಧ್ಯೆಯೇ ಪಿಸುಗುಟ್ಟಿದ.

"ಏನ್ ಮಾಡ್ತಿದೀಯೇ, ಮಾರಾಯ್ತಿ?"

"ಅತಿಥಿ ಸತ್ಕಾರ. ನೀನು ಉದ್ದ ಎಳಿ."

ಕೊನೆಗೆ ಮೈಕು ಮಿಸೆಸ್ ಹಾರ್ಕಸ್ ಕೈಗೆ ಹೋಯಿತು. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದಳು.

"ಎಲ್ಲಾ ಚೆನ್ನಾಗಿದೆ. ಟಾಯ್ಲೆಟ್ ಎಲ್ಲಿದೆ?"

ಊರಿಗೂರೇ ಸಮುದ್ರದ ಕಡೆ ತಿರುಗಿತು.

"ಇಲ್ವಾ? ಗಾಳಿ ಮಾರಿ ಗಾಜಿನ ಅರಮನೆ ಕಟ್ಟಿದೀರಿ, ಒಂದು ಟಾಯ್ಲೆಟ್ ಕಟ್ಟಕ್ಕಾಗ್ಲಿಲ್ವಾ? ಈ ಊರಲ್ಲಿ ಯಾರೂ ಹೋಗೋದೇ ಇಲ್ವಾ?"

ಧ್ವನಿವರ್ಧಕ ಆ ಮಾತನ್ನು ಗುಡ್ಡದಾಚೆಯ ಹಸುಗಳಿಗೂ ಮುಟ್ಟಿಸಿತು. ನಾನು ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನನ್ನ ಮನೆಗೆ ಓಡಿಸಿದೆ.

ವಾಪಸ್ಸು ಬರುವಷ್ಟರಲ್ಲಿ ಕಕ್ಕಸು ಕಟ್ಟಿಸಲು ಒಪ್ಪಿಗೆಯೇ ಎಂದು ರಾಬಿ ಅಲ್ಲೇ ಕೈ ಎತ್ತಿಸುತ್ತಿದ್ದ. ಪದವನ್ನು ಹೊರಗಿನವಳೊಬ್ಬಳು ಹೇಳಿಯಾಗಿತ್ತಲ್ಲ, ಇನ್ನು ಯಾರಿಗೇನು ಸಂಕೋಚ? ಎಲ್ಲರ ಕೈಯೂ ಮೇಲಿತ್ತು. ಮ್ಯಾನ್ಸಿಯ ಕೈಗಳು ಮಾತ್ರ ಜೇಬಿನಲ್ಲಿದ್ದವು.

"ನಿಂದೇನಪ್ಪಾ ಮ್ಯಾನ್ಸಿ?" ರಾಬಿ ಕೇಳಿದ.

"ನಂಗೇನೂ ಬೇಕಾಗಿಲ್ಲ. ಪಾಪ, ಆಯಮ್ಮಂಗೋಸ್ಕರ ಕಟ್ಟಿ."

ಯಾರೂ ನಗಲಿಲ್ಲ. ನಮ್ಮೂರಿನವರ ಬಗ್ಗೆ ನನಗೆ ಅವತ್ತು ನಿಜಕ್ಕೂ ಹೆಮ್ಮೆಯಾಯಿತು.

ವಸಂತದ ಹೊತ್ತಿಗೆ ಕಟ್ಟಿ ಮುಗಿಯಿತು. ರಿಬ್ಬನ್ನಿಲ್ಲ, ಭಾಷಣವಿಲ್ಲ. ಮೊದಲ ಬುಧವಾರವೇ ಮ್ಯಾನ್ಸಿ ತಲೆ ಬಾಚಿಕೊಂಡು, ಕಂಕುಳಲ್ಲಿ ರೊಟ್ಟಿ ಗಂಟು ಸಿಕ್ಕಿಸಿಕೊಂಡು ಬಂದರಿಗೆ ಬಂದ. ಅಂಗಡಿಗೆ ಸಾಮಾನು ತರುವ ನೆಪದಲ್ಲಿ ನಾನೂ ಅವನ ಜೊತೆ ಹೊರಟೆ.

ಥೋರಾ ಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಅವನು ಗಂಟನ್ನು ಅವಳ ತೊಡೆಯ ಮೇಲಿಟ್ಟು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಎಷ್ಟು ದಿನ ಆಯ್ತು ಮಾರಾಯ! ಬರ್ಲೇ ಇಲ್ವಲ್ಲ."

"ಗಾಳಿ ಜೋರಿತ್ತು ಕಣೇ. ಹಡಗೇ ಬರ್ತಿರ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಹಾಗಾದರೆ ವಾರ ವಾರ ರೊಟ್ಟಿ ಯಾವ ಹಡಗಿನಲ್ಲಿ ಬಂತೆಂದು ಅವಳು ಕೇಳಲಿಲ್ಲ. ಅವನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಂತೂ ಕಕ್ಕಸು ಕಟ್ಟಿಸಿದ್ರಾ?" ಅಂದಳು.