ಗಾಜಿನ ಹೆಂಚಿನ ಬೆಳಕು

"ಕೈ ಇನ್ನೊಂಚೂರು ಆಚೆ ಚಾಚಿ. ಹಾಂ, ಹಂಗೇ ಇರ್ಲಿ. ಸತ್ತೋರು ಮೊಬೈಲ್ ನೋಡಲ್ಲ ಕಣ್ರೀ."

ಅಯಾಜ್ ಮೊಬೈಲನ್ನು ಎದೆಯ ಮೇಲೆ ಮಗುಚಿಟ್ಟು ಕಣ್ಣು ಮುಚ್ಚಿದ. ಗೋಡೌನಿನ ಬೆಂಚಿನ ಮೇಲೆ ಅವನು ಹೆಣವಾಗಿ ಮಲಗಿ ಮುಕ್ಕಾಲು ಗಂಟೆ ಆಗಿತ್ತು. ಎಂಟು ಅಡಿ ದೂರದಲ್ಲಿ ಅವನ ಹೆಂಡತಿ ಕುಬ್ರಾ ಸ್ಪೀಕರ್ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೌಸನ್ನು ಕೂದಲೆಳೆಯಷ್ಟು ಸರಿಸುತ್ತಿದ್ದಳು. ಮೇಲೆ ಪೈಪಿಗೆ ನೇತುಹಾಕಿದ್ದ ದೀಪ ಅವಳು ಹೇಳಿದಂತೆ ಕತ್ತು ತಿರುಗಿಸುತ್ತಿತ್ತು. ಅದರಿಂದ ಕೆಳಗೆ ಬಿದ್ದಿದ್ದ ಬೆಳಕಿನ ಚೌಕ, ಒಂದು ಹೆಂಚಿನಷ್ಟೇ ಅಗಲದ್ದು, ಗಂಡನ ಕೈಯ ಕಡೆಗೆ ತೆವಳುತ್ತಿತ್ತು.

"ಇದು ಓಡ್ತಾನೇ ಇಲ್ವಲ್ಲೇ ಮಾರಾಯ್ತಿ. ಕೆಟ್ಟೋಗೈತಾ?"

"ಒಂಬತ್ತು ನಿಮಿಷ ಕೊಟ್ಟಿದ್ದೀನಿ. ಓಡೋದು ಯಾರಿಗೂ ಕಾಣ್ಬಾರ್ದು. ಬಂದು ಮುಟ್ಟಿದ್ದು ಮಾತ್ರ ಕಾಣ್ಬೇಕು."

"ಅಷ್ಟೊತ್ತಿಗೆ ಜನ ನಿದ್ದೆ ಮಾಡ್ಬುಡ್ತಾರೆ."

"ನೀವು ಸುಮ್ನೆ ಸಾಯ್ರಿ ಅತ್ಲಾಗೆ" ಎಂದಳು. ಇಬ್ಬರೂ ನಕ್ಕರು. ಆ ನಗು ನಿಜವಾದದ್ದೇ. ಆಮೇಲೆ ನಡೆದದ್ದಕ್ಕಾಗಿ ಅದನ್ನು ಸುಳ್ಳು ಮಾಡುವುದು ಬೇಡ.

ಸಕಲೇಶಪುರದ ಸುತ್ತ ಮದುವೆ, ಆರತಕ್ಷತೆ, ಸ್ಕೂಲ್ ಡೇ, ನಾಟಕ ಏನಿದ್ದರೂ ದೀಪ ಹಾಕುವವನು ಅಯಾಜ್. ಎರಡು ವರ್ಷದ ಹಿಂದೆ ಮಂಗಳೂರಿನಿಂದ ಹಳೆಯ ತಿರುಗುವ ದೀಪಗಳನ್ನು ತಂದ. ಅವುಗಳನ್ನು ಕಂಪ್ಯೂಟರಿನಿಂದಲೇ ಆಡಿಸಬೇಕಿತ್ತು. ಮೂರು ದಿನ ಅವನು ಆ ಸಾಫ್ಟ್‌ವೇರಿನ ಮುಂದೆ ಕೂತ. ನಾಲ್ಕನೆಯ ದಿನ ಲ್ಯಾಪ್‌ಟಾಪನ್ನು ಗೋಡೆಗೆ ಎಸೆಯುವುದೊಂದು ಬಾಕಿ ಎನ್ನುವಾಗ ಕುಬ್ರಾ ಅದನ್ನು ಅಡುಗೆಮನೆಗೆ ಎತ್ತಿಕೊಂಡು ಹೋದಳು. ಮದುವೆಗೆ ಮುಂಚೆ ಕಲಿತ ಕಂಪ್ಯೂಟರ್ ಕೋರ್ಸು ಹೀಗೆ ಉಪಯೋಗಕ್ಕೆ ಬಂದೀತೆಂದು ಅವಳೂ ಎಣಿಸಿರಲಿಲ್ಲ. ಅಲ್ಲಿಂದಾಚೆಗೆ ಪ್ರತಿ ದೃಶ್ಯದ ಬೆಳಕೂ ಅವಳದೇ. ಯಾವ ದೀಪ, ಯಾವ ಬಣ್ಣ, ಎಷ್ಟು ಹೊತ್ತಿನಲ್ಲಿ ಏರಬೇಕು, ಎಷ್ಟರಲ್ಲಿ ಇಳಿಯಬೇಕು, ಎಲ್ಲ ಮೊದಲೇ ಕೂಡಿಸಿ ಸಾಲಾಗಿ ಜೋಡಿಸಿಡುವಳು. ಪ್ರದರ್ಶನದ ದಿನ ಅಯಾಜ್ ಒಂದೇ ಒಂದು ಬಟನ್ ಒತ್ತಿದರೆ ಸಾಕು. ಅದೂ ತಪ್ಪಬಾರದೆಂದು ಪ್ರತಿ ದೃಶ್ಯದ ಪಕ್ಕ ಒಂದು ಸಾಲು ಬರೆದಿಡುವಳು: "ಈಗ ಬೇಡ, ಅವರು ಬಾಗಿಲು ಹಾಕಲಿ." "ಕೆಮ್ಮಿದ ಮೇಲೆ ಒತ್ತಿ." ಅವಳೇ ಕೂತು ಒತ್ತಬಹುದಿತ್ತಲ್ಲ ಎಂದರೆ, ಅಷ್ಟು ಗಂಡಸರ ಮಧ್ಯೆ ಸೊಸೆ ಕೂತರೆ ಚೆನ್ನಾಗಿರುವುದಿಲ್ಲ ಎಂದು ಅತ್ತೆ ಹೇಳಿದ್ದರು. ಅಯಾಜ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಈ ಸಲದ್ದು ನಾಟಕ ಸ್ಪರ್ಧೆ. ಹೆತ್ತೂರಿನ ಮೇಷ್ಟ್ರು ಮೋಹನ್ ಆಡಿಸುತ್ತಿದ್ದ ನಾಟಕದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ಮುದುಕ ರೈಟರೊಬ್ಬ ಸತ್ತ ಹೆಂಡತಿಯ ಪಕ್ಕ ಕೂತು ಒಂಬತ್ತು ನಿಮಿಷ ಮಾತಾಡುತ್ತಾನೆ. ಅಲ್ಲಿಗೆ ನಾಟಕ ಮುಗಿಯುತ್ತದೆ. ಮುದುಕನ ಪಾತ್ರಕ್ಕೆ ನಿಜವಾಗಿಯೂ ಮೂವತ್ತು ವರ್ಷ ರೈಟರಾಗಿದ್ದ ಸುಬ್ಬಯ್ಯನವರೇ ಸಿಕ್ಕಿದ್ದರು. ಸಾವಿನ ದೃಶ್ಯಕ್ಕೆ ನೀಲಿ ಹಾಕಿ ಎಂದಿದ್ದರು ಮೋಹನ್. ಕುಬ್ರಾಗೆ ಸಿಟ್ಟು ಬಂತು. ಸತ್ತವರ ಮನೆಯಲ್ಲಿ ಯಾರು ನೀಲಿ ನೋಡಿದ್ದಾರೆ?

ಅವಳು ನೋಡಿದ್ದು ಬೇರೆ. ಹೊಂಗಡಹಳ್ಳದ ತವರಿನಲ್ಲಿ ಅಮ್ಮ ತೀರಿಕೊಂಡ ಬೆಳಿಗ್ಗೆ, ನಡುಮನೆಯ ಚಾಪೆಯ ಮೇಲೆ ಅಮ್ಮನನ್ನು ಮಲಗಿಸಿದ್ದರು. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲಿನ ಚೌಕ ನೆಲದ ಮೇಲೆ ಸರಿಯುತ್ತ, ಹೊದಿಕೆಯಿಂದ ಆಚೆ ಬಂದಿದ್ದ ಅಮ್ಮನ ಕೈಯ ಕಡೆಗೆ ಬರುತ್ತಿತ್ತು. ಅದು ಮುಟ್ಟಿದರೆ ಕೈ ಬೆಚ್ಚಗಾಗುತ್ತದೆ ಎಂದು, ತಲೆಕೆಟ್ಟವಳ ಹಾಗೆ, ಕುಬ್ರಾ ಕಾಯುತ್ತ ಕೂತಿದ್ದಳು. ಇನ್ನೊಂದು ಗೇಣು ಇರುವಾಗ ಹೆಂಗಸರು ಬಂದು, ಸ್ನಾನ ಮಾಡಿಸಲು ಅಮ್ಮನನ್ನು ಎತ್ತಿಕೊಂಡು ಹೋದರು. ಚೌಕ ಖಾಲಿ ಚಾಪೆಯ ಮೇಲೆ ಬಂದು ನಿಂತಿತು.

ನಾಟಕದಲ್ಲಿ ಅದು ಕೈ ಮುಟ್ಟುವ ಹಾಗೆ ಮಾಡಿದಳು. ಹೆಂಚಿನ ಕಥೆಯನ್ನು ಅಯಾಜ್‌ಗೆ ಊಟಕ್ಕೆ ಬಡಿಸುವಾಗ ಹೇಳಿದ್ದಳು. ಮುಟ್ಟಲಿಲ್ಲ ಎಂಬುದೊಂದನ್ನು ಮಾತ್ರ ಅವನಿಗೂ ಹೇಳಿರಲಿಲ್ಲ.

"ಈ ಸಲ ಹ್ಯಾಂಡ್‌ಬಿಲ್ಲಲ್ಲಿ ನನ್ನ ಹೆಸರು ಹಾಕ್ಸಿ" ಎಂದಳು ಅವನು ಬೆಂಚಿನಿಂದೆದ್ದಾಗ. ಎರಡು ವರ್ಷದಲ್ಲಿ ಅವಳು ಕೇಳಿದ್ದು ಇದೊಂದೇ.

"ಹಾಕ್ಸಣ ಬುಡು. ಅದೇನ್ ದೊಡ್ ವಿಷ್ಯ."

ಹ್ಯಾಂಡ್‌ಬಿಲ್ ಬಂತು. ಬೆಳಕು: ಅಯಾಜ್, ಸಕಲೇಶಪುರ. ಪ್ರೆಸ್ಸಿನವನು ಮರೆತ ಎಂದ ಅಯಾಜ್. ಅವಳ ಮುಖ ನೋಡಿ, "ಮೈಕಲ್ಲಿ ಹೇಳ್ತೀನಿ ಕಣೇ. ಅಲ್ಲಾನ ಆಣೆ. ಇಡೀ ಹಾಲ್‌ಗೇ ಕೇಳ್ಸಂಗೆ ಹೇಳ್ತೀನಿ" ಎಂದ. ಅವಳು ನಂಬಿದಳು. ಗಂಡನನ್ನು ನಂಬುವುದೂ ಒಂದು ಅಭ್ಯಾಸ, ಬೇಗ ಬಿಡುವುದಿಲ್ಲ.

ಭಾನುವಾರ ಮಧ್ಯಾಹ್ನದ ಆಟ. ಕುಬ್ರಾ ಅತ್ತೆಯ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಹಿಂದೆ ಲ್ಯಾಪ್‌ಟಾಪಿನ ಮುಂದೆ ಅಯಾಜ್, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಒಂದು ಸಲವೂ ಬಟನ್ ತಪ್ಪಲಿಲ್ಲ. ಕೊನೆಯ ದೃಶ್ಯ ಬಂತು. ಸುಬ್ಬಯ್ಯನವರು ಹೆಂಡತಿಗೆ ಅದೂ ಇದೂ ಹೇಳುತ್ತ ಹೋದರು. ನೆಲದ ಮೇಲೆ ಚೌಕವೊಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಅದು ಚಾಪೆಯ ಅಂಚು ಹತ್ತಿ ಸತ್ತವಳ ಬೆರಳುಗಳ ಮೇಲೆ ಬಂದಾಗ ಮುಂದಿನ ಸಾಲಿನ ಹೆಂಗಸೊಬ್ಬಳು "ಅಯ್ಯೋ" ಎಂದಳು, ಅಷ್ಟೇ. ಆಮೇಲೆ ಹಾಲ್‌ನಲ್ಲಿ ಒಬ್ಬರೂ ಮಿಸುಕಲಿಲ್ಲ. ಕುಬ್ರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಜೀವಮಾನದಲ್ಲಿ ಅಂಥ ಸುಖ ಇನ್ನೊಂದು ಬಂದಿರಲಿಲ್ಲ.

ಉತ್ತಮ ಬೆಳಕಿನ ಬಹುಮಾನ ಅಯಾಜ್‌ಗೇ ಬಂತು. ಹಾಸನದಿಂದ ಬಂದಿದ್ದ ತೀರ್ಪುಗಾರರು ಶಾಲು ಹೊದಿಸಿ, ಮೈಕನ್ನು ಅವನ ಕೈಗೇ ಕೊಟ್ಟು, "ಆ ಚೌಕದ ಯೋಚನೆ ನಿಮಗೆ ಹೇಗೆ ಹೊಳೀತು, ಹೇಳಿ" ಎಂದರು.

ಅಯಾಜ್ ಗಂಟಲು ಸರಿಮಾಡಿಕೊಂಡ. "ನಮ್ ತಾಯಿ ತೀರ್ಕಂಡಾಗ ಸಾರ್, ನಮ್ಮನೆ ಮಾಡಲ್ಲಿ ಒಂದು ಗಾಜಿನ ಹೆಂಚಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ. ಬಿಸಿಲು ಹಂಗೇ ಬತ್ತಾ ಬತ್ತಾ ತಾಯಿ ಕೈ ಮುಟ್ತು ಸಾರ್. ನಾನು ಕಣ್ಣಾರೆ ನೋಡ್ದೆ." ಅವನ ದನಿ ನಡುಗಿತು. ಅದೂ ನಾಟಕವಲ್ಲ, ನಿಜವಾಗಿಯೇ ನಡುಗಿತು. ಚಪ್ಪಾಳೆಯ ನಡುವೆ ಏನೋ ನೆನಪಾದವನಂತೆ ಮತ್ತೆ ಮೈಕನ್ನು ಬಾಯಿಗಿಟ್ಟ. "ಹಾಂ, ಲ್ಯಾಪ್‌ಟಾಪಲ್ಲಿ ಟೈಪಿಂಗೆಲ್ಲ ಮಾಡ್ಕೊಟ್ಟಿದ್ದು ನಮ್ಮನೆಯೋರು, ಕುಬ್ರಾ ಅಂತ. ಅವ್ರಿಗೂ ಥ್ಯಾಂಕ್ಸ್."

ಇಡೀ ಹಾಲ್‌ಗೆ ಕೇಳಿಸಿತು.

ಅತ್ತೆ ಮೆಲ್ಲಗೆ ಸೊಸೆಯ ಕಡೆ ತಿರುಗಿದರು. "ನನ್ನನ್ನ ಯಾವಾಗ ಸಾಯ್ಸಿದ್ನೇ ಇವ್ನು?"

ಸುತ್ತಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ಮಡಿಲಲ್ಲಿದ್ದ ತಮ್ಮ ಎರಡೂ ಕೈ ನೋಡಿಕೊಂಡರು. "ಇರ್ಲಿ ಬುಡು. ಪ್ರೈಜು ಬಂತಲ್ಲ" ಎಂದು ಅವರೂ ಚಪ್ಪಾಳೆ ತಟ್ಟಿದರು.

ಮಾರನೆಯ ಬೆಳಿಗ್ಗೆ ಶಾಲು ಗೋಡೌನಿನ ಮೊಳೆಗೆ ನೇತಾಡುತ್ತಿತ್ತು. ಅಯಾಜ್‌ಗೆ ಫೋನಿನ ಮೇಲೆ ಫೋನು. ನಾಟಕವೂ ಗೆದ್ದಿತ್ತು; ಅದು ಮುಂದಿನ ವಾರ ಆಲೂರಿನಲ್ಲಿ ಮತ್ತೆ ಆಗಬೇಕಿತ್ತು.

"ಹೆಸ್ರು ಹೇಳ್ದೆ ತಾನೆ?" ಎಂದ ಎರಡು ಫೋನುಗಳ ನಡುವೆ.

"ಹೇಳಿದ್ರಿ."

"ಮತ್ಯಾಕೆ ಮುಖ ಹಂಗ್ ಮಾಡ್ಕಂಡಿದ್ದೀಯ?"

"ಅಲ್ಲಿ ಕೂತಿದ್ದೋಳು ನಾನು. ಸತ್ತಿದ್ದು ನಮ್ಮಮ್ಮ."

ಅಯಾಜ್ ಹತ್ತಿರ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಅಷ್ಟ್ ಜನದ ಮುಂದೆ ಕೇಳ್ಬುಟ್ರು, ಏನಾರ ಹೇಳ್ಬೇಕಲ್ವಾ? ನಿಮ್ಮಮ್ಮ ಬ್ಯಾರೆ, ನಮ್ಮಮ್ಮ ಬ್ಯಾರೆ ಅಂತ ಎಲ್ಲೈತೆ ಹೇಳು." ಅಷ್ಟರಲ್ಲಿ ಮತ್ತೆ ಫೋನು ಬಂತು. "ಹೂಂ ಸಾರ್, ನಾನೇ ಸಾರ್" ಎನ್ನುತ್ತ ಹೊರಗೆ ಹೋದ.

ಕುಬ್ರಾ ಲ್ಯಾಪ್‌ಟಾಪ್ ತೆರೆದು ಕೊನೆಯ ದೃಶ್ಯಕ್ಕೆ ಹೋದಳು. ಮೇಲಿನ ದೀಪ ಹೊತ್ತಿತು. ಚೌಕ ಎಲ್ಲಿ ನಿಲ್ಲಬೇಕೆಂಬ ಅಂಕಿಯನ್ನು ಅಳಿಸಿ ಬೇರೆ ಅಂಕಿ ಹಾಕಿದಳು. ಸೇವ್ ಮಾಡಿದಳು. ಪಕ್ಕದಲ್ಲಿ ಅವನಿಗಾಗಿ ಬರೆದಿಟ್ಟಿದ್ದ ಸಾಲನ್ನು ಬದಲಾಯಿಸಲಿಲ್ಲ.

"ಏನ್ ಮಾಡ್ತಿದ್ದೀಯ?" ಎಂದು ಬಾಗಿಲಾಚೆಯಿಂದ ಕೇಳಿದ.

"ಸರಿ ಮಾಡ್ತಿದ್ದೀನಿ."

ಅವಳು ಬಟನ್ ಒತ್ತಿ, ಒಂಬತ್ತು ನಿಮಿಷ ಕೈಕಟ್ಟಿಕೊಂಡು ಕೂತಳು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಬೆಳಕು ತೆವಳುತ್ತ ಬಂದು, ಕೈ ಇರಬೇಕಾಗಿದ್ದ ಜಾಗಕ್ಕೆ ಇನ್ನೊಂದು ಗೇಣು ಇರುವಾಗ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆರಿತು.